ಯಾರೂ ಸಾಯದ ದಿನದ ತಮಟೆ

ಹುಣಸೆಕೊಪ್ಪಲಿನ ದಾಸಯ್ಯನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕಲಿಯುವ ಅಗತ್ಯವೂ ಬಿದ್ದಿರಲಿಲ್ಲವೆನ್ನಿ. ಅಜ್ಜನ ಕಾಲದಿಂದ ಆ ಮನೆಯ ಗಂಡಸರ ಕೆಲಸವೆಂದರೆ ತಮಟೆ ಹೊಡೆದು ಊರಿಗೆ ಸುದ್ದಿ ಸಾರುವುದು. ಕಂದಾಯ ಕಟ್ಟಲು ಕಡೇ ದಿನ ಯಾವತ್ತು, ಕೆರೆಯ ತೂಬು ಯಾವತ್ತು ಎತ್ತುತ್ತಾರೆ, ದನಗಳಿಗೆ ಕಾಲುಬಾಯಿ ಜ್ವರದ ಸೂಜಿ ಹಾಕಲು ಸರಗೂರಿನಿಂದ ಡಾಕ್ಟರು ಯಾವತ್ತು ಬರುತ್ತಾರೆ, ಎಲ್ಲವನ್ನೂ ಊರು ಕೇಳಿದ್ದು ಆ ಗಂಟಲಿನಿಂದಲೇ. ಆ ಗಂಟಲು ಮನೆಗೆ ಬಂದರೂ ತಗ್ಗುತ್ತಿರಲಿಲ್ಲ. ಊಟಕ್ಕೆ ಕೂತು ಉಪ್ಪು ಕೇಳಿದರೆ ಮೂರನೇ ಮನೆಯವರು ಎದ್ದು ಉಪ್ಪಿನ ಡಬ್ಬಿ ಹುಡುಕುತ್ತಿದ್ದರು. "ಪಕ್ದಲ್ ಕುಂತಿರೋಳ್ಗೂ ಊರ್ಗೆಲ್ಲ ಸಾರ್ದಂಗೆ ಏಳ್ತೀಯಲ್ಲ, ನಿನ್ ಬಾಯ್ಗಿಷ್ಟು ಮಣ್ಣಾಕ" ಎಂದು ಹೆಂಡತಿ ರಾಚಮ್ಮ ಬೈಯುತ್ತಲೇ ಸಂಸಾರ ಮಾಡಿದಳು.

ಸರ್ಕಾರ ಅವನಿಗೆ ಗ್ರಾಮ ಸಹಾಯಕ ಎಂದು ಹೆಸರಿಟ್ಟಿತ್ತು. ಹೆಸರು ದೊಡ್ಡದು, ಸಂಬಳ ಚಿಕ್ಕದು. ಆದರೂ ಆ ಕೆಲಸವೆಂದರೆ ದಾಸಯ್ಯನಿಗೆ ಜೀವ. ತಮಟೆ ಹೊಡೆಯುತ್ತಿದ್ದರೂ ಹೊಟ್ಟೆಪಾಡಿಗೆ ಅಪ್ಪ ಯಾರ ಯಾರದೋ ಹೊಲದಲ್ಲಿ ಕೈಕಟ್ಟಿ ನಿಂತಿದ್ದನ್ನು ನೋಡಿ ಬೆಳೆದವನು ಅವನು. ತಾನು ಮಾತ್ರ ಸರ್ಕಾರದ ಸಂಬಳ ಪಡೆದು ಅದರ ಮಾತನ್ನು ಊರಿಗೆ ತಲುಪಿಸುವವನು, ತಾನು ಕೂಗಿದರೆ ಗೌಡರ ಮನೆಯವರೂ ಬಾಗಿಲಿಗೆ ಬಂದು ನಿಲ್ಲಬೇಕು ಎಂಬುದು ಅವನ ಹೆಮ್ಮೆ.

ಆ ತಮಟೆಯಲ್ಲಿ ಎರಡು ಬಡಿತ ಇದ್ದವು. ಸಾರುವ ಬಡಿತ ಚುರುಕು; ತೆಳು ಕಡ್ಡಿಯಲ್ಲಿ ಚಟಪಟ ಹೊಡೆದು, ನಿಲ್ಲಿಸಿ, ಕೂಗುವುದು. ಸಾವಿನ ಬಡಿತ ನಿಧಾನ. ದಪ್ಪ ಕಡ್ಡಿಯಲ್ಲಿ ಎರಡು ಪೆಟ್ಟು, ಒಂದು ಬಿಡುವು, ಮತ್ತೆ ಎರಡು ಪೆಟ್ಟು. ಮೊದಲನೆಯದು ಊರೊಳಗೆ ಕೇಳುತ್ತದೆ. ಎರಡನೆಯದು ಹೊಲ, ಕೆರೆ ದಾಟಿ ಕಾಡಂಚಿನವರೆಗೂ ಹೋಗುತ್ತದೆ. ಅದು ಕೇಳಿದರೆ ನೇಗಿಲು ಹಿಡಿದವನು ನೇಗಿಲು ಬಿಟ್ಟು ಊರಿಗೆ ಬರಬೇಕು. ಯಾವ ಜಾತಿಯವರು ಸತ್ತಿದ್ದರೂ ಸರಿ, ಅದು ಆ ಊರಿನ ಕಟ್ಟು. ಕಡ್ಡಿ ಕೈಗೆ ಕೊಡುವಾಗ ಅಪ್ಪ ಹೇಳಿದ್ದ: "ಸಾವಿನ್ ಬಡ್ತವ ಸುಮ್ ಸುಮ್ನೆ ಹೊಡೀಬ್ಯಾಡ ಕಣ್ಲಾ ಮಗ. ಕರುದ್ರೆ ಬಂದ್ಬುಡ್ತದೆ." ದಾಸಯ್ಯ ಬೇರೆ ಏನನ್ನು ಮರೆತರೂ ಆ ಮಾತನ್ನು ಮರೆತವನಲ್ಲ.

ತೊಂಬತ್ತೆಂಟನೇ ಇಸವಿಯ ಶ್ರಾವಣ. ಹೊಗೆಸೊಪ್ಪು ಮುರಿಯುವ ಕಾಲ. ಆ ಕಾಲದಲ್ಲಿ ಹಗಲು ಹೊತ್ತು ನಮ್ಮ ಕಡೆಯ ಊರಿಗೆ ಬಂದರೆ ಮಾತಾಡಿಸಲು ಕೋಳಿಗಳೇ ಗತಿ. ದೊಡ್ಡವರು, ಚಿಕ್ಕವರು, ಬಾಣಂತಿಯೊಬ್ಬಳನ್ನು ಬಿಟ್ಟು ಎಲ್ಲರೂ ಹೊಲದಲ್ಲಿ ಇಲ್ಲವೇ ಸೊಪ್ಪು ಒಣಗಿಸುವ ಬ್ಯಾರನ್ನಿನ ಹತ್ತಿರ ಸೊಪ್ಪು ಕಟ್ಟುತ್ತ ಕೂತಿರುತ್ತಾರೆ. ಅಂಥ ಒಂದು ಮಟಮಟ ಮಧ್ಯಾಹ್ನ ಗ್ರಾಮ ಲೆಕ್ಕಿಗ ಉಮಾಶಂಕರ ಬೈಕಿನಲ್ಲಿ ಬಂದು ದಾಸಯ್ಯನ ಬಾಗಿಲಲ್ಲಿ ನಿಂತ.

"ದಾಸಯ್ಯ, ತಮಟೆ ತಗೊಂಡು ಬಾ. ಒಂದು ಸಾರೋದಿದೆ."

"ಈಗ್ಲಾ ಸ್ವಾಮಿ? ಊರಲ್ ಯಾರವ್ರೆ? ಎಲ್ಲಾ ಸೊಪ್ ಮುರಿಯಕ್ಕೋಗವ್ರೆ. ಸಂಜಿಕೆ ಸಾರ್ಬುಡ್ತೀನಿ, ಎಲ್ಲಾರ್ಗೂ ಕೇಳ್ತದೆ."

"ಸಂಜೆ ಬೇಡ. ಎಲ್ಲರಿಗೂ ಕೇಳೋದೂ ಬೇಡ. ಅದಕ್ಕೇ ಈಗ ಬಂದಿದ್ದು."

ಉಮಾಶಂಕರ ಮೈಸೂರಿನವನು. ಕೆಟ್ಟವನೇನಲ್ಲ, ಮೇಲಿನವರಿಗೆ ಇಲ್ಲ ಎನ್ನಲು ಬಾರದವನು. ನನ್ನ ಕೇಳಿದರೆ ಈ ದೇಶಕ್ಕೆ ಕೆಟ್ಟವರಿಂದ ಆದ ಕೆಡುಕಿಗಿಂತ ಇಂಥವರಿಂದ ಆದದ್ದೇ ಹೆಚ್ಚು. ಅವನು ಬೈಕಿನ ಮೇಲೆ ಕೂತೇ ವಿಷಯ ಬಿಚ್ಚಿದ. ಊರ ಹಿಂದಿನ ಗೋಮಾಳದಲ್ಲಿ ಕರಿಕಲ್ಲು ಸಿಕ್ಕಿದೆ. ಕಲ್ಲು ಒಡೆಯುವ ಕಂಟ್ರಾಕ್ಟರನೊಬ್ಬ ಅದನ್ನು ಕೇಳಿದ್ದಾನೆ. ಕೊಡುವ ಮೊದಲು ಊರಿನಲ್ಲಿ ಸಾರಿ, ತಕರಾರು ಇದ್ದವರು ಬರಲಿ ಎಂದು ತಿಳಿಸಬೇಕು. ತಕರಾರು ಹೇಳಲು ದಿನ ನಾಡಿದ್ದು ಗುರುವಾರ, ನಾಡಕಚೇರಿಯಲ್ಲಿ. ಯಾರೂ ಬರದಿದ್ದರೆ ಊರು ಒಪ್ಪಿದ ಹಾಗೆ.

"ನಿಯಮದಲ್ಲಿ ಇರೋದು ತಮಟೆ ಹೊಡೀಬೇಕು ಅಂತ. ಯಾರು ಕೇಳಿಸ್ಕೋಬೇಕು ಅಂತ ಎಲ್ಲೂ ಇಲ್ಲ" ಎಂದ ಉಮಾಶಂಕರ. "ಎರಡು ಬೀದಿ ಸುತ್ತು, ಮೆತ್ತಗೆ ಕೂಗು, ಸಾಕು. ಆಮೇಲೆ ಯಾರಾದರೂ ಏನು ಸಾರಿದ್ದು ಅಂದ್ರೆ ಪೋಲಿಯೋ ಹನಿ ಅನ್ನು. ನೋಡು ದಾಸಯ್ಯ, ಬಾಯಿ ಬಿಟ್ಟೆ ಅಂದ್ರೆ ನಿನ್ನ ಜಾಗಕ್ಕೆ ಇನ್ನೊಬ್ಬನ್ನ ಹುಡುಕಬೇಕಾಗುತ್ತೆ. ನನ್ನ ಕೈಲಿಲ್ಲ, ಮೇಲಿಂದ ಹೇಳಿದಾರೆ."

ದಾಸಯ್ಯ ತಮಟೆ ತರಲು ಒಳಗೆ ಹೋದವನು ಗೋಡೆಗೆ ಒರಗಿ ನಿಂತುಬಿಟ್ಟ. ಗೋಮಾಳವೆಂದರೆ ಊರ ದನಕರುಗಳಿಗೆ ಹುಲ್ಲು. ಅವನ ಕೇರಿಯವರಿಗೆ ಅಷ್ಟೇ ಅಲ್ಲ. ಕೇರಿಯವರ ಹೆಣ ಹೂಳುವುದು ಅಲ್ಲೇ, ಹೊಂಗೆಮರದ ಮಗ್ಗುಲಲ್ಲಿ. ಅಪ್ಪ ಅವ್ವ ಅಲ್ಲಿದ್ದರು. ಜ್ವರ ಬಂದು ಹೋದ ಅವನ ಮೊದಲ ಹೆಣ್ಣುಮಗು ಚಿನ್ನು ಅಲ್ಲಿತ್ತು. ರಾಚಮ್ಮ ಇವತ್ತಿಗೂ ಹಬ್ಬದ ದಿನ ಅಲ್ಲಿಗೆ ಹೋಗಿ ಒಂದು ತುಂಡು ಒಬ್ಬಟ್ಟು ಇಟ್ಟು ಬರುತ್ತಿದ್ದಳು. ಆ ಮಗುವಿನ ಮೇಲೆ ಸಿಡಿಮದ್ದು ಇಡುತ್ತಾರಲ್ಲ! ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಗೋಮಾಳ ಹೋಗುತ್ತದೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ: ಊರಿಗೆ ತಿಳಿಸುವುದಕ್ಕೆಂದೇ ಇರುವ ತಮಟೆಯನ್ನು ಊರಿಗೆ ತಿಳಿಯದ ಹಾಗೆ ಹೊಡೆಯಬೇಕಂತೆ!

ತಮಟೆ ಹಿಡಿದು ಹೊರಗೆ ಬಂದು ಒಂದು ಹಿಡಿ ಹುಲ್ಲಿಗೆ ಬೆಂಕಿ ಹಚ್ಚಿದ.

"ಕಾಯಿಸೋದೆಲ್ಲ ಯಾಕೆ? ಹಾಗೇ ಹೊಡಿ" ಎಂದ ಉಮಾಶಂಕರ.

"ಸೋನೆ ಮಳೆಗೆ ಚರ್ಮ ಸೊರ್ಗೋಗದೆ ಸ್ವಾಮಿ. ಕಾಯಿಸ್ದೆ ಹೊಡುದ್ರೆ ಹರ್ದೋಯ್ತದೆ" ಎಂದು ದಾಸಯ್ಯ ಸುಳ್ಳು ಹೇಳಿದ. ಹರಿಯುವುದೇನೂ ಇಲ್ಲ, ದನಿ ಏಳುವುದಿಲ್ಲ ಅಷ್ಟೆ. ಉರಿಯ ಮೇಲೆ ಚರ್ಮ ಬಿಗಿಯಾಗುತ್ತ ಬಂದ ಹಾಗೆ ಅವನ ಮನಸ್ಸೂ ಒಂದು ಕಡೆಗೆ ನಿಂತಿತು. ಬಾಯಿ ಬಿಡಬೇಡ ಅಂದಿದ್ದಾರೆ, ಸರಿ. ಯಾವ ಬಡಿತ ಹೊಡಿ ಅಂತ ಯಾರು ಹೇಳಿದ್ದಾರೆ? ಅಪ್ಪನ ಮಾತು ನೆನಪಾಯಿತು. ತಪ್ಪಾಯ್ತು ಕಣಪ್ಪೋ ಎಂದು ಮನಸ್ಸಿನಲ್ಲೇ ಕೈಮುಗಿದು ದಪ್ಪ ಕಡ್ಡಿಯನ್ನು ತೆಗೆದುಕೊಂಡ.

ಎರಡು ಪೆಟ್ಟು, ಒಂದು ಬಿಡುವು. ಎರಡು ಪೆಟ್ಟು, ಒಂದು ಬಿಡುವು.

ಮೈಸೂರಿನ ಉಮಾಶಂಕರನಿಗೆ ತಮಟೆಯೆಂದರೆ ಗಣಪತಿ ಬಿಡುವಾಗ ಕುಣಿಯಲು ಹೊಡೆಯುವುದು, ಅದೊಂದೇ ಗೊತ್ತು. ಅವನು ಹಿಂದೆ ಹಿಂದೆ ನಡೆಯುತ್ತ ತಲೆದೂಗಿದ. "ಹ್ಞಾ, ಹೀಗೇ ನಿಧಾನಕ್ಕೆ ಹೊಡಿ. ಗದ್ದಲ ಬೇಡ" ಎಂದ. ದಾಸಯ್ಯ ನಡುನಡುವೆ ನಿಂತು, ಗೋಮಾಳದ ವಿಷಯವನ್ನು ಅವನು ಹೇಳಿಕೊಟ್ಟ ಹಾಗೇ, ತನ್ನ ಗಂಟಲಿಗೆ ಆದಷ್ಟು ಮೆತ್ತಗೆ, ಎರಡು ನಾಯಿಗೂ ಒಂದಷ್ಟು ಕೋಳಿಗೂ ಕೂಗಿ ಹೇಳಿದ.

ಮೇಲಿನ ಬೀದಿಯಲ್ಲಿ ಒಬ್ಬರೇ ಇದ್ದರು. ಅಲ್ಲಿನ ರೈತ ನಂಜುಂಡಸ್ವಾಮಿಯ ತಾಯಿ ಸಿದ್ದಲಿಂಗಮ್ಮ. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ. ಹಿಂದಿನ ವಾರವಷ್ಟೇ ಹಾಸಿಗೆ ಹಿಡಿದಿದ್ದಳು; ಸರಗೂರಿನ ಡಾಕ್ಟರು ಇಷ್ಟವಾದದ್ದು ತಿನ್ನಿಸಿ ಎಂದು ಹೇಳಿ ಹೋಗಿದ್ದರು. ಆ ಮಾತಿನ ಅರ್ಥ ಊರಿಗೆಲ್ಲ ಗೊತ್ತು. ಈಗ ತುಸು ಚೇತರಿಸಿಕೊಂಡು ಜಗುಲಿಯ ಮೇಲೆ ಕೂತು ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದಳು.

"ಏನ್ಲಾ ದಾಸ, ಏನ್ ಸಾರ್ತಿದ್ದೀಯಾ?" ಎಂದಳು.

ದಾಸಯ್ಯನಿಗೆ ಒಂದು ಪೆಟ್ಟು ತಪ್ಪಿತು. ಊರಿನಲ್ಲಿ ಸಾಯುವ ಸರದಿಯಲ್ಲಿ ಮುಂದೆ ಕೂತಿರುವ ಜೀವ ಇದೊಂದೇ. ಕರೆದರೆ ಬಂದುಬಿಡುತ್ತದೆ ಅಂದಿದ್ದ ಅಪ್ಪ. ಬರುವುದು ಯಾರ ಮನೆಗೆ? ಅವಳಿಗೆ ಉತ್ತರ ಕೊಡದೆ ತಲೆ ತಗ್ಗಿಸಿ ಮುಂದೆ ಹೋದ.

ಉಮಾಶಂಕರ ಗಡಿಯಾರ ನೋಡಿಕೊಂಡು, ಕೆಲಸ ಚೆನ್ನಾಗಾಯಿತೆಂದು ಬೈಕು ಹತ್ತಿ ಹ್ಯಾಂಡ್‌ಪೋಸ್ಟ್ ಪೇಟೆಯ ದಾರಿ ಹಿಡಿದ. ಊರು ದಾಟುವಾಗ ಹೊಲಗಳ ಕಡೆಯಿಂದ ಜನ ಗುಂಪುಗುಂಪಾಗಿ ಓಡಿಬರುತ್ತಿದ್ದರು. ಊಟದ ಹೊತ್ತು, ಪಾಪ ಹಸಿದಿದ್ದಾರೆ ಅಂದುಕೊಂಡನಂತೆ. ಇದನ್ನು ಅವನೇ ಮುಂದೊಂದು ದಿನ ಹೇಳಿಕೊಂಡದ್ದು.

ಜನ ಓಡಿದ್ದು ನೆಟ್ಟಗೆ ಸಿದ್ದಲಿಂಗಮ್ಮನ ಮನೆಗೆ. ಎಲ್ಲರ ಕೈಯೂ ಹೊಗೆಸೊಪ್ಪಿನ ಅಂಟಿನಿಂದ ಕಪ್ಪಗಿತ್ತು. ಮಗ ನಂಜುಂಡಸ್ವಾಮಿ ದಾರಿಯುದ್ದಕ್ಕೂ "ಅಯ್ಯೋ ಅವ್ವಾ, ಒಂದ್ ತೊಟ್ಟು ನೀರೂ ಬುಡ್ಲಿಲ್ವಲ್ಲಾ" ಎಂದು ಅಳುತ್ತ ಬಂದ. ಹೆಂಗಸರು ಎದೆ ಬಡಿದುಕೊಳ್ಳುತ್ತ ಬಂದರು. ಬಂದು ನೋಡಿದರೆ ಸಿದ್ದಲಿಂಗಮ್ಮ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು ಇವರನ್ನೇ ನೋಡುತ್ತಿದ್ದಾಳೆ.

"ಯಾಕ್ರೋ, ಎಲ್ಲಾ ಒಟ್ಗೆ ಬಂದ್ರಿ? ಯಾರೋದ್ರು?"

ಯಾರು ಹೋದದ್ದು ಅನ್ನುವುದು ಅವರ ಮುಖದ ಮೇಲೇ ಬರೆದಿತ್ತು. ಮುದುಕಿಗೆ ಕಿವಿ ಮಂದವಾದರೂ ತಲೆ ಮಂದವಲ್ಲ. "ಓಹೋ, ನಾನಾ?" ಎಂದವಳೇ ಬಾಯಲ್ಲಿದ್ದದ್ದು ಸೀರೆಯ ಮೇಲೆಲ್ಲ ಚೆಲ್ಲುವ ಹಾಗೆ ನಕ್ಕಳು. ನಂಜುಂಡಸ್ವಾಮಿ ಅವಳ ಕಾಲ ಹತ್ತಿರ ಕುಸಿದು ಕೂತು ಅಳು ನಗು ಎರಡನ್ನೂ ಒಟ್ಟಿಗೆ ಮಾಡಿದ. ಅಮ್ಮ ಬದುಕಿದ್ದಾಳೆ ಎಂಬ ನೆಮ್ಮದಿ ಇಳಿದ ಮೇಲೆ ಸಿಟ್ಟು ಏರಿತು. ಎದ್ದು ಬೀದಿಯ ತುದಿಯಲ್ಲಿ ನಿಂತಿದ್ದ ದಾಸಯ್ಯನ ಮುಂದೆ ಹೋಗಿ ನಿಂತ.

"ಬದ್ಕಿರೋಳ್ಗೆ ತಮ್ಟೆ ಹೊಡೀತೀಯೇನ್ಲಾ! ಯಾರ್ಲಾ ಸತ್ತಿದ್ದು? ಬೊಗಳು!"

ದಾಸಯ್ಯನಿಗೆ ಪೋಲಿಯೋ ಹನಿ ನೆನಪಿತ್ತು. ಕೆಲಸವೂ ನೆನಪಿತ್ತು. ಆದರೆ ಗುಂಪಿನ ಹಿಂದೆ ರಾಚಮ್ಮ ಏದುಸಿರು ಬಿಡುತ್ತ, ಏನಾಯಿತೋ ಎಂದು ಅವನನ್ನೇ ನೋಡುತ್ತ ನಿಂತಿದ್ದಳು.

"ಗೋಮಾಳ ಬುದ್ಧೀ" ಎಂದ, ತನ್ನ ಪೂರ್ತಿ ಗಂಟಲಿನಲ್ಲಿ. "ನಾಡಿದ್ದು ಗುರ್ವಾರ ಸಾಯ್ತದೆ. ಇವತ್ತೇ ಸಾರೀವ್ನಿ."

ಆಮೇಲೆ ಎಲ್ಲವನ್ನೂ ಹೇಳಿದ. ಹೇಳುತ್ತ ಹೋದ ಹಾಗೆ ಜನರ ಸಿಟ್ಟು ಅವನನ್ನು ಬಿಟ್ಟು ಗೋಮಾಳ ಕೇಳಿದವರ ಕಡೆ ತಿರುಗಿತು. ಸಾವಿನ ಬಡಿತಕ್ಕೆ ಬಂದವರು ಕೈಕಾಲು ತೊಳೆಯದೆ ಮನೆಗೆ ಹೋಗುವ ಹಾಗಿಲ್ಲ. ಹಾಗಾಗಿ ಊರೇ ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳೆದು, ಅಲ್ಲೇ ಕೂತು ಮಾತಾಡಿತು. ಬೇರೆ ಯಾವ ಸಭೆಗೆ ಕರೆದರೂ ಅಷ್ಟು ಜನ ಸೊಪ್ಪು ಬಿಟ್ಟು ಕೂರುತ್ತಿರಲಿಲ್ಲ.

ಗುರುವಾರ ನಾಡಕಚೇರಿಯ ಮುಂದೆ ಹುಣಸೆಕೊಪ್ಪಲಿನ ಟ್ರಾಕ್ಟರುಗಳು ಒಂದರ ಹಿಂದೊಂದು ಬಂದು ನಿಂತಾಗ ಉಮಾಶಂಕರನ ಮುಖದಲ್ಲಿ ರಕ್ತವಿರಲಿಲ್ಲ. ದಾಸಯ್ಯ ಕೆಲಸದ ಮೇಲೆ ಬಾಗಿಲಲ್ಲೇ ನಿಲ್ಲಬೇಕಿತ್ತು. ನಾಳೆಯೇ ಕಡೇ ದಿನ ತನ್ನ ಕೆಲಸಕ್ಕೆ ಎಂದು ಹಿಂದಿನ ರಾತ್ರಿ ರಾಚಮ್ಮನಿಗೆ ಹೇಳಿಯೂ ಇದ್ದ. "ಓದ್ರೆ ಓಗ್ಲಿ ಬುಡು. ನನ್ ಕೂಸ್ ಮನ್ಗಿರೋ ಜಾಗ ಉಳ್ಕಂಡ್ರೆ ಸಾಕು" ಎಂದಿದ್ದಳು ಅವಳು.

ತಹಶೀಲ್ದಾರರು ಪ್ರಮೀಳಾ ಎಂಬ ಹೆಣ್ಣುಮಗಳು, ಹೊಸಬರು. ಕಂಟ್ರಾಕ್ಟರನ ಕಡೆಯವನು ಮೊದಲೇ ಎದ್ದು, ಈ ಜನಕ್ಕೆ ಯಾರೋ ಕದ್ದು ಸುದ್ದಿ ಕೊಟ್ಟಿದ್ದಾರೆ, ಅದನ್ನು ವಿಚಾರಣೆ ಮಾಡಬೇಕು ಎಂದ. ತಹಶೀಲ್ದಾರರು ಮುಂದಿದ್ದ ವರದಿ ತೆಗೆದು ಗಟ್ಟಿಯಾಗಿ ಓದಿದರು: "ಗ್ರಾಮದ ಸಕಲರಿಗೂ ಕೇಳಿಸುವಂತೆ ತಮಟೆ ಬಾರಿಸಿ ಸಾರಲಾಗಿದೆ." ಓದಿ ಉಮಾಶಂಕರನ ಕಡೆ ತಿರುಗಿದರು. "ಇದು ನೀವೇ ಬರೆದಿದ್ದಲ್ವಾ?"

ಉಮಾಶಂಕರ ಹೌದು ಎಂದು ಗೋಣು ಹಾಕಿದ. ಬೇರೆ ಏನು ಹೇಳಿಯಾನು? ಯಾರಿಗೂ ಕೇಳದ ಹಾಗೆ ಸಾರಿಸಿದ್ದೆ ತಾಯಿ ಎನ್ನಲಾದೀತೆ?

"ಕದ್ದು ಕೊಡೋದೇನು ಬಂತು, ಸಾರಿದ್ದಾರಲ್ಲ" ಎಂದು ಪ್ರಮೀಳಾ ಜನರ ಕಡೆ ನೋಡಿದರು. "ನಿಮಗೆಲ್ಲ ಚೆನ್ನಾಗಿ ಕೇಳಿಸ್ತಾ?"

"ಚೆನ್ನಾಗ್ ಕೇಳುಸ್ತು ತಾಯಿ!" ಎಂದರು ಎಲ್ಲರೂ. ಸಾವಿನ ಬಡಿತದ ಮಾತನ್ನು ಒಬ್ಬರೂ ಎತ್ತಲಿಲ್ಲ. ನಂಜುಂಡಸ್ವಾಮಿಯಂತೂ ಎದ್ದು ನಿಂತು, "ನಮ್ ದಾಸಯ್ಯ ಸಾರುದ್ರೆ ಅಂಗೇ ಅಮ್ಮಾವ್ರೆ, ಸಾಯೋರೂ ಎದ್ ಕೂತ್ಕತಾರೆ" ಎಂದ. ಕಚೇರಿಯೊಳಗೆ ನಗು ಎದ್ದಿತು. ಆ ಊರಿನ ಮೇಲಿನ ಬೀದಿಯವರು ದಾಸಯ್ಯನ ಪರವಾಗಿ ನಾಲ್ಕು ಜನರೆದುರು ಮಾತಾಡಿದ್ದು ಅದೇ ಮೊದಲು. ದಾಸಯ್ಯನಿಗೆ ಕಣ್ಣು ತುಂಬಿಬಂತು.

ಊರಿನ ತಕರಾರು ಪೂರ್ತಿ ಕೇಳಿದ ಮೇಲೆ ಗೋಮಾಳವನ್ನು ಕೊಡುವುದಿಲ್ಲವೆಂದು ತೀರ್ಮಾನವಾಯಿತು. ಹೊರಗೆ ಹುಣಸೆಮರದ ನೆರಳಲ್ಲಿ ಉಮಾಶಂಕರ ದಾಸಯ್ಯನನ್ನು ಹಿಡಿದುಕೊಂಡ.

"ನಿಜ ಹೇಳು. ಏನು ಮಾಡಿದೆ ನೀನು?"

"ನೀವೇಳ್ದಂಗೇ ಹೊಡ್ದೆ ಸ್ವಾಮಿ. ನಿಧಾನ್ಕೆ ಹೊಡಿ ಅಂದ್ರಿ, ನಿಧಾನ್ಕೆ ಹೊಡ್ದೆ."

ಉಮಾಶಂಕರ ಅವನ ಮುಖವನ್ನೇ ನೋಡಿದ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟ. "ಹೋಗ್ಲಿ ಬಿಡು. ಜನ ಒಪ್ಪಲಿಲ್ಲ ಅಂತ ಮೇಲಿನವರಿಗೆ ಹೇಳ್ತೀನಿ. ನನಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ ಕಣಯ್ಯ" ಎಂದು ಹೇಳಿ ಬೈಕು ಹತ್ತಿದ. ದಾಸಯ್ಯನ ಕೆಲಸದ ಸುದ್ದಿಗೆ ಅವನು ಮತ್ತೆ ಬರಲಿಲ್ಲ.

ಗೋಮಾಳ ಉಳಿಯಿತು, ಕೆಲಸವೂ ಉಳಿಯಿತು. ಆದರೆ ದಾಸಯ್ಯನಿಗೆ ನೆಮ್ಮದಿ ಎಲ್ಲಿ? ಆ ಭಾನುವಾರವೇ ಸಿದ್ದಲಿಂಗಮ್ಮನಿಗೆ ಮತ್ತೆ ಜ್ವರ ಬಂತು. ತಾನು ಕರೆದದ್ದು ದಾರಿಯಲ್ಲಿದೆ ಎಂದು ಅವನಿಗೆ ಖಾತ್ರಿಯಾಯಿತು. ಮುದುಕಿ ಹೋದರೆ ಊರು ಏನನ್ನುತ್ತದೋ ಅದು ಬೇರೆ. ತನ್ನ ಕೂಸಿನ ಜಾಗಕ್ಕಾಗಿ ಇನ್ನೊಬ್ಬರ ತಾಯಿಯನ್ನು ಕೊಟ್ಟ ಹಾಗಾಯಿತಲ್ಲ ಎಂದು ಅವನ ಅನ್ನ ನೀರು ಬಿಟ್ಟುಹೋಯಿತು. ಬೆಳಿಗ್ಗೆ ಎದ್ದವನೇ ಮೇಲಿನ ಬೀದಿಗೆ ಹೋಗಿ ಅವಳ ಜಗುಲಿಯ ಕೆಳಗೆ ನಿಂತು ಒಳಗೆ ಕಿವಿಗೊಡುವುದು, ಕೆಮ್ಮು ಕೇಳಿದರೆ ಹಿಂತಿರುಗುವುದು. ಸಂಜೆ ಮತ್ತೆ ಅದೇ.

ಒಂದು ದಿನ ಒಳಗಿನಿಂದ ಮುದುಕಿಯ ದನಿ ಬಂತು. "ಯಾರ್ಲಾ ಅದು, ದಾಸನಾ? ಬಾ ಇಲ್ಲಿ. ದಿನಾ ಬಂದು ಸತ್ಲಾ ಇದ್ದಾಳಾ ಅಂತ ನೋಡ್ಕಂಡೋಗ್ತೀಯಲ್ಲ, ಪೋಲೀಸ್ನೋರು ಕಳ್ಳನ್ ಕಾಯ್ದಂಗೆ?"

ದಾಸಯ್ಯ ಬಾಗಿಲಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತುಬಿಟ್ಟ. "ನಾನೇ ಕರ್ದೆ ಅವ್ವಾರೆ, ನಮ್ಮಪ್ಪ ಬ್ಯಾಡ ಅಂದಿದ್ದ, ಆದ್ರೂವೆ ಹೊಡ್ದೆ" ಎಂದು ಒಂದೇ ಉಸಿರಿಗೆ ಹೇಳಿದ. ಅವನ ಗಂಟಲಿಗೆ ಕಿವಿ ಮಂದವಿದ್ದವಳಿಗೂ ಪ್ರತಿ ಮಾತು ಕೇಳಿಸಿತು. ಪಕ್ಕದ ಮನೆಗಳಿಗೂ ಕೇಳಿಸಿತು.

"ಥೂ ದಡ್ಡ ಮುಂಡೇದೆ" ಎಂದಳು ಸಿದ್ದಲಿಂಗಮ್ಮ, ಪ್ರೀತಿಯಿಂದಲೇ. "ಸತ್ಲು ಅಂತ ಸುದ್ದಿ ಆದೋಳ್ಗೆ ಆಯಸ್ಸು ಜಾಸ್ತಿ ಆಯ್ತದೆ ಕಣ್ಲಾ, ಅಷ್ಟೂ ಗೊತ್ತಿಲ್ವಾ? ನನ್ ಸುದ್ದಿ ಕೇಳಿ ಯಾರ್ ಅತ್ರು, ಯಾರ್ ಸುಮ್ನೆ ಬಂದ್ರು, ಎಲ್ಲಾ ಕಣ್ಣಾರೆ ನೋಡ್ದೆ. ಈ ಪುಣ್ಯ ಯಾರ್ಗಿದ್ದದು? ಓಗು, ಉಣ್ಣೋಗು. ನಾನ್ ನಿಜ್ವಾಗ್ಲೂ ಓದಾಗ ನೀನೇ ಹೊಡೀಬೇಕು, ಚೆನ್ನಾಗ್ ಕಾಯ್ಸಿ."

ಜ್ವರ ಬಿಟ್ಟಿತು. ಮುದುಕಿ ಎದ್ದು ಓಡಾಡಿದಳು. ದಾಸಯ್ಯ ಅವತ್ತು ರಾಚಮ್ಮನ ಕೈಲಿ ಮುದ್ದೆ ಮೇಲೆ ಮುದ್ದೆ ಹಾಕಿಸಿಕೊಂಡು ಉಂಡ.

ಆಮೇಲೆ ವರ್ಷಗಳು ಹೋದವು. ಊರೂರಿಗೆ ಆಟೋಗೆ ಮೈಕು ಕಟ್ಟಿಕೊಂಡು ಸಾರುವ ಕಾಲ ಬಂತು. ಹುಣಸೆಕೊಪ್ಪಲಿನವರು ಮಾತ್ರ ತಮಟೆಯನ್ನು ಬಿಡಲಿಲ್ಲ. ಎರಡು ಸಾವಿರದ ಐದರಲ್ಲಿ ಮಾಹಿತಿ ಹಕ್ಕಿನ ಕಾನೂನು ಬಂದಾಗ ಅದನ್ನೂ ದಾಸಯ್ಯನೇ ಸಾರಿದ. ಕಚೇರಿಯವರು ಹೇಳಿಕೊಟ್ಟ ಮಾತು ಅವನ ನಾಲಿಗೆಗೆ ಹೊರಳದೆ, "ಸರ್ಕಾರ್ದೋರು ಬಚ್ಚಿಟ್ಟಿರೋದ ಇನ್ಮ್ಯಾಕೆ ನಾವೂ ಕೇಳ್ಬೋದಂತೆ, ಅವ್ರು ಏಳ್ಬೇಕಂತೇ!" ಎಂದು ಕೂಗಿದ. ಜಗುಲಿಯ ಮೇಲೆ ಸಿದ್ದಲಿಂಗಮ್ಮ ಕುಟ್ಟಾಣಿ ಕುಟ್ಟುವುದನ್ನು ನಿಲ್ಲಿಸಿ, "ಅದ್ಕೆ ಕಾನೂನ್ ಯಾಕ್ಲಾ, ನಿನ್ ತಮ್ಟೆ ಇಲ್ವಾ?" ಎಂದು ನಕ್ಕಳು.

ಅದರ ಮರುವರ್ಷ, ರಾಗಿ ಕೊಯ್ಲಿನ ಕಾಲದಲ್ಲಿ, ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಟ್ಟ ಸಿದ್ದಲಿಂಗಮ್ಮ ಹಾಗೇ ಗೋಡೆಗೆ ಒರಗಿ ಹೋದಳು. ನೋವಿಲ್ಲ, ನರಳಿಲ್ಲ. ನಂಜುಂಡಸ್ವಾಮಿ ತಾನೇ ಕೇರಿಗೆ ಬಂದ. "ಅವ್ವ ಓದ್ಲು ಕಣೋ ದಾಸಯ್ಯ. ನೀನೇ ಬರ್ಬೇಕು" ಎಂದ.

ದಾಸಯ್ಯ ಹುಲ್ಲು ಉರಿಸಿ, ಅವಳು ಹೇಳಿದ್ದ ಹಾಗೆ ಚೆನ್ನಾಗಿ ಕಾಯಿಸಿ, ದಪ್ಪ ಕಡ್ಡಿ ಹಿಡಿದ. ಎರಡು ಪೆಟ್ಟು, ಒಂದು ಬಿಡುವು. ಈ ಸಲ ಒಂದು ಪೆಟ್ಟೂ ತಪ್ಪಲಿಲ್ಲ.

ಜನ ಕೈಯಲ್ಲಿ ಕುಡುಗೋಲು ಹಿಡಿದೇ ಓಡಿಬಂದರು. ಆದರೆ ಅವರು ಮೇಲಿನ ಬೀದಿಗೆ ಹೋಗಲಿಲ್ಲ. ನೆಟ್ಟಗೆ ಬಂದು ದಾಸಯ್ಯನ ಸುತ್ತ ನಿಂತರು. ಒಬ್ಬನಂತೂ ದಾರಿಯಲ್ಲಿ ಮನೆಗೆ ನುಗ್ಗಿ ಜಮೀನಿನ ಪಹಣಿಯನ್ನೇ ಹಿಡಿದು ತಂದಿದ್ದ.

"ಈ ಸಲ ಯಾವ್ ಜಾಗ ದಾಸಯ್ಯ? ತಕ್ರಾರು ಯಾವತ್ತು? ಎಷ್ಟ್ ಟ್ರಾಕ್ಟ್ರು ಕಟ್ಬೇಕು?"

ದಾಸಯ್ಯ ಕಡ್ಡಿ ಕೆಳಗಿಳಿಸಿದ. ಅವರ ಮುಖಗಳನ್ನು ನೋಡಿದಾಗ ನಗುವೂ ಬಂತು, ಅಳುವೂ ಬಂತು.

"ಈ ಸಲ ಅವ್ವಾರೇ ಕಣ್ರಪ್ಪ" ಎಂದ. "ನಿಜ್ವಾಗ್ಲೂ ಅವ್ವಾರೇ."

ದಾಸಯ್ಯ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ಹುಣಸೆಕೊಪ್ಪಲು ಅವತ್ತೇ ಮೊದಲು ಕೇಳಿದ್ದು.